ಮನೆಯ ವಿದ್ಯುತ್ತು, ಮೈಯ ಕ್ಷೇಮ

1831ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಮೈಕೇಲ್ ಫ್ಯಾರಡೆ ಒಂದು ಸರಳ ಸತ್ಯವನ್ನು ಕಂಡುಹಿಡಿದನು. ತಂತಿಯ ಸುರುಳಿಯ ಬಳಿ ಕಾಂತಕ್ಷೇತ್ರವು ಬದಲಾಗುತ್ತಿರುವಷ್ಟು ಕಾಲ ಆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಬದಲಾವಣೆ ನಿಂತೊಡನೆ ವಿದ್ಯುತ್ತೂ ಇಲ್ಲವಾಗುತ್ತದೆ. ಇದೇ ವಿದ್ಯುತ್ಕಾಂತೀಯ ಪ್ರೇರಣೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು ಈ ತತ್ತ್ವದ ಬಲದಿಂದ. ಸೂರತ್ತಿನ ಮಗ್ಗಗಳನ್ನು ತಿರುಗಿಸುವ ಮೋಟಾರು, ಅಹಮದಾಬಾದಿನ ಬೀದಿಯ ಟ್ರಾನ್ಸ್‌ಫಾರ್ಮರು, ವಡೋದರೆಯ ಮೂಲಕ ಹಾಯುವ ವಿದ್ಯುತ್ ರೈಲು ಇವೆಲ್ಲವೂ ಅದನ್ನೇ ಅವಲಂಬಿಸಿವೆ.

ಹೀಗೆ ಮನೆಯವರೆಗೆ ಬಂದ ವಿದ್ಯುತ್ತು ಎಚ್ಚರ ತಪ್ಪಿದರೆ ಪ್ರಾಣಾಪಾಯವನ್ನೂ ತರಬಲ್ಲದು. ಫ್ಯೂಸು ಇದ್ದರೆ ಭಯವಿಲ್ಲವೆಂದು ಅನೇಕರು ಭಾವಿಸುತ್ತಾರೆ. ಆದರೆ ಫ್ಯೂಸು ಕಾಯುವುದು ತಂತಿಗಳನ್ನು. 5 ಆಂಪಿಯರಿನ ಫ್ಯೂಸು ಅದಕ್ಕಿಂತ ಹೆಚ್ಚು ವಿದ್ಯುತ್ತು ಹರಿದಾಗ ಮಾತ್ರ ಕರಗುತ್ತದೆ. ಒಂದು ಆಂಪಿಯರಿನ ಹತ್ತನೆಯ ಒಂದು ಭಾಗ ಎದೆಯ ಮೂಲಕ ಹರಿದರೂ ಹೃದಯದ ಬಡಿತ ಲಯ ತಪ್ಪಿ ಸಾವು ಸಂಭವಿಸಬಹುದು. ಸ್ನಾನದ ಮನೆಯ ಗೀಜರು ಕೆಟ್ಟಾಗ ಒದ್ದೆಯ ಮೈಗೆ ಒದಗುವ ಅಪಾಯ ಇಂತಹುದೇ.

ಇಲ್ಲಿ ನೆರವಾಗುವ ಸಾಧನವೇ ಆರ್.ಸಿ.ಸಿ.ಬಿ.; ಕೆಲಸಗಾರರ ಬಾಯಲ್ಲಿ ಇ.ಎಲ್.ಸಿ.ಬಿ. ಮನೆಗೆ ಬರುವ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡೂ ಅದರೊಳಗಿನ ಒಂದು ಕಾಂತೀಯ ಬಳೆಯ ನಡುವೆ ಹಾಯುತ್ತವೆ. ಹೋದಷ್ಟೇ ವಿದ್ಯುತ್ತು ಹಿಂದಿರುಗುತ್ತಿರುವಾಗ ಅವೆರಡರ ಕಾಂತಪ್ರಭಾವಗಳು ಪರಸ್ಪರ ಅಳಿದುಹೋಗುತ್ತವೆ. ಯಾರದೋ ಶರೀರದ ಮೂಲಕ ಸ್ವಲ್ಪ ವಿದ್ಯುತ್ತು ನೆಲಕ್ಕೆ ಹರಿದರೆ ಈ ಸಮತೋಲ ಕೆಡುತ್ತದೆ. ಉಳಿದ ಕಾಂತಕ್ಷೇತ್ರವು ಬಳೆಗೆ ಸುತ್ತಿದ ಮತ್ತೊಂದು ಸುರುಳಿಯಲ್ಲಿ ವಿದ್ಯುತ್ತನ್ನು ಪ್ರೇರಿಸಿ ಸ್ವಿಚ್ಚನ್ನು ಕೆಡಹುತ್ತದೆ. ಮನೆಗಳಿಗೆ ಬಳಸುವ 30 ಮಿಲಿಆಂಪಿಯರಿನ ಸಾಧನವು ಅಷ್ಟು ಸೋರಿಕೆಯಾದೊಡನೆ, ಸೆಕೆಂಡಿನ ಮೂರನೆಯ ಒಂದು ಭಾಗದೊಳಗೆ, ಸಂಪರ್ಕವನ್ನು ಕಡಿಯುತ್ತದೆ.

ಇದಕ್ಕೂ ಮಿತಿಯುಂಟು. ನೆಲದ ಸಂಪರ್ಕವಿಲ್ಲದೆ ಫೇಸ್ ಮತ್ತು ನ್ಯೂಟ್ರಲ್ ತಂತಿಗಳೆರಡನ್ನೂ ಒಟ್ಟಿಗೆ ಮುಟ್ಟಿದವರನ್ನು ಅದು ಗುರುತಿಸಲಾರದು. ಆದುದರಿಂದ ದುರಸ್ತಿಗೆ ಮುನ್ನ ಮೇನ್ ಸ್ವಿಚ್ಚನ್ನು ಆರಿಸಲೇಬೇಕು. ಅರ್ತ್ ತಂತಿ ಸರಿಯಾಗಿರಬೇಕು. ಸಾಧನದ ಮೇಲಿನ 'ಟೆಸ್ಟ್' ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡುವುದು ಲೇಸು. ಸ್ವಿಚ್ಚು ಬೀಳದಿದ್ದರೆ ಕೂಡಲೇ ಬಲ್ಲ ಎಲೆಕ್ಟ್ರಿಷಿಯನ್ನನನ್ನು ಕರೆಯಿಸಬೇಕು.

ಅಡುಗೆಯ ಇಂಡಕ್ಷನ್ ಒಲೆಯೂ ಇದೇ ತತ್ತ್ವದ ಫಲ. ಅದರ ಸುರುಳಿಯ ಕಾಂತಕ್ಷೇತ್ರ ಬಹು ವೇಗವಾಗಿ ಬದಲಾಗಿ, ಕಬ್ಬಿಣದ ಪಾತ್ರೆಯ ತಳದಲ್ಲಿಯೇ ಶಾಖವನ್ನು ಹುಟ್ಟಿಸುತ್ತದೆ. ಹೃದಯಕ್ಕೆ ಪೇಸ್‌ಮೇಕರ್ ಅಳವಡಿಸಿಕೊಂಡವರು ಉರಿಯುವ ಒಲೆಯಿಂದ ಎರಡಡಿ ದೂರವಿದ್ದು, ವೈದ್ಯರ ಸಲಹೆಯಂತೆ ನಡೆಯುವುದು ಕ್ಷೇಮ.