ಪರದೆ ಹಿಂದಿನ ಕೈಗಳಿಗೆ ಹೆಸರು ಬೇಡವೇ?

ಕುದೇರು: ಈ ಊರ ಹೆಸರು ಹೇಳಿದರೆ ಜಿಲ್ಲೆಯ ಜನಕ್ಕೆ ಮೊದಲು ನೆನಪಾಗುವುದು ಹಾಲಿನ ಡೇರಿ. ಹಸು ಸಾಕುವವರು ಒಬ್ಬರು, ಹಾಲು ಅಳೆದುಕೊಳ್ಳುವವರು ಇನ್ನೊಬ್ಬರು, ಪರೀಕ್ಷೆ ಮಾಡುವವರು, ಕಾಯಿಸುವವರು, ಲಾರಿ ಓಡಿಸುವವರು ಬೇರೆ ಬೇರೆ. ಅಂಗಡಿಗೆ ಬಂದ ಗಿರಾಕಿಗೆ ಕಾಣುವುದು ಮಾತ್ರ ಪ್ಯಾಕೆಟ್ಟು!

ನಾಟಕದ ಕಥೆಯೂ ಅಷ್ಟೇ ಸ್ವಾಮಿ. ಜನ ನೋಡುವುದು ಕೃಷ್ಣನ ಕಿರೀಟ, ದುರ್ಯೋಧನನ ಗದೆ. ಆ ಕಿರೀಟಕ್ಕೆ ಬಣ್ಣದ ಕಾಗದ ಅಂಟಿಸಿದವನು ಯಾರು? ಯಾರೂ ಕೇಳುವುದಿಲ್ಲ.

ಇದನ್ನು ಚೆನ್ನಾಗಿ ಅರಿತಿದ್ದ ಕನ್ನಡಿಗ ಗುಬ್ಬಿ ವೀರಣ್ಣ. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಊರಿನವರೇ ಸೇರಿ ಕಟ್ಟಿದ ಚನ್ನಬಸವೇಶ್ವರ ನಾಟಕ ಸಂಘಕ್ಕೆ ಹುಡುಗನಾಗಿದ್ದಾಗಲೇ ಸೇರಿದ ಇವರು, 1917ರಲ್ಲಿ ಅದರ ಒಡೆಯರಾದರು. ಸರ್ಕಾರದ ದುಡ್ಡಿಲ್ಲ, ಬ್ಯಾಂಕಿನ ಸಾಲವಿಲ್ಲ. ಇವತ್ತಿನ ಟಿಕೆಟ್ಟಿನ ಕಾಸಲ್ಲಿ ನಾಳೆಯ ಅನ್ನ. ಅಂಥ ಕಂಪನಿಯನ್ನು ಅವರು ಒಂದೊಂದೇ ವಿಭಾಗವಾಗಿ ಬೆಳೆಸಿದರು.

ಮೊದಲನೆಯದು ರಂಗದ ಮೇಲಿನ ವಿಭಾಗ. ಹೆಣ್ಣು ಪಾತ್ರವನ್ನು ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ ಬಿ. ಜಯಮ್ಮ ಅವರಂಥ ನಟಿಯರು ಇಲ್ಲಿ ಬೆಳಗಿದರು. ಎರಡನೆಯದು ಮಕ್ಕಳ ತಂಡ, ಅಂದರೆ ಕಂಪನಿಯ ಪಾಠಶಾಲೆ. ಚಿಕ್ಕ ಹುಡುಗರಿಗೆ ಹಾಡು, ಮಾತು, ನಡಿಗೆ ಎಲ್ಲ ಅಲ್ಲೇ ಕಲಿಕೆ. ಮೂರನೆಯದು ಸೀನರಿ. ಪರದೆ ಬರೆಯುವವರು, ಬಡಗಿಗಳು, ದೀಪದವರು, ದರ್ಜಿಗಳು. 1934ರ 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳೇ ರಂಗಕ್ಕೆ ಬಂದವು ಅಂದರೆ, ಹಿಂದೆ ಎಷ್ಟು ಕೈ ದುಡಿದಿರಬೇಕು ಲೆಕ್ಕ ಹಾಕಿ. ಆನೆಗೆ ಮೇವು ಹಾಕುವವನೂ ಆ ನಾಟಕದ ಕಲಾವಿದನೇ ತಾನೇ?

ನಾಲ್ಕನೆಯದು ಸಿನಿಮಾ. 1930ರಲ್ಲೇ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆ ಕಟ್ಟಿ 'ಹರಿಮಾಯಾ' ಮುಂತಾದ ಮೂಕಿ ಚಿತ್ರ ತೆಗೆದರು. ಗ್ರಹಚಾರ ನೋಡಿ, 1931ರಲ್ಲಿ ಮುಂಬಯಿಯಲ್ಲಿ 'ಆಲಂ ಆರಾ' ಮಾತಾಡಿಬಿಟ್ಟಿತು. ಮಾತಾಡುವ ಚಿತ್ರ ಬಂದ ಮೇಲೆ ಮೂಕಿ ಯಾರಿಗೆ ಬೇಕು? ವೀರಣ್ಣ ಕೈ ಚೆಲ್ಲಿ ಕೂರಲಿಲ್ಲ. ರಂಗದಲ್ಲಿ ಗೆದ್ದಿದ್ದ 'ಸದಾರಮೆ'ಯನ್ನೇ 1935ರಲ್ಲಿ ಮಾತಿನ ಚಿತ್ರ ಮಾಡಿಸಿದರು. ಒಂದು ವಿಭಾಗ ಸೋತರೆ ಇನ್ನೊಂದರ ಸರಕು ಕೈ ಹಿಡಿಯಿತು. ವ್ಯಾಪಾರ ಬಲ್ಲವರಿಗೆ ಇದು ಬಿಡಿಸಿ ಹೇಳಬೇಕಾದ ಮಾತಲ್ಲ.

ಇದೆಲ್ಲ ತುಮಕೂರಿನ ಕಡೆ ಮಾತು, ನಮಗೇನು ಅಂತೀರಾ? ಚಾಮರಾಜನಗರದಿಂದ ತಾಳವಾಡಿ ಬಸ್ಸು ಹತ್ತುವವರಿಗೆ ಗಾಜನೂರು ಗೊತ್ತಿಲ್ಲದ ಊರಲ್ಲ. ಅಲ್ಲಿಯ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಯ ನಟ. ಅವರ ಮಗ ಮುತ್ತುರಾಜು ಅದೇ ಕಂಪನಿಯಲ್ಲಿ ಸಣ್ಣ ಪುಟ್ಟ ಪಾತ್ರ ಮಾಡುತ್ತಾ ಬೆಳೆದ ಹುಡುಗ. 1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಲ್ಲಿ ಬಂದ 'ಬೇಡರ ಕಣ್ಣಪ್ಪ'ಕ್ಕೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಆರಿಸಿದ್ದು ಅವರನ್ನೇ. ಮುತ್ತುರಾಜು ರಾಜಕುಮಾರ್ ಆದರು. ಮುಂದಿನದು ನಿಮಗೇ ಗೊತ್ತು. ಜತೆಗೆ ನಟಿಸಿದ ಜಿ.ವಿ. ಅಯ್ಯರ್, ನರಸಿಂಹರಾಜು ಕೂಡ ಕಂಪನಿ ಅನ್ನ ಉಂಡವರೇ. ಮನೆ ಬಿಟ್ಟು ಬಂದ ಬಿ.ವಿ. ಕಾರಂತ ಎಂಬ ಹುಡುಗನನ್ನು ಇದೇ ವೀರಣ್ಣ ಮುಂದೆ ಕಾಶಿಗೆ ಓದಲು ಕಳಿಸಿದರು. ಆ ಕಾರಂತರೇ 1989ರಲ್ಲಿ ಮೈಸೂರಿನ ರಂಗಾಯಣದ ಮೊದಲ ನಿರ್ದೇಶಕರಾದದ್ದು.

ವೀರಣ್ಣ 1972ರಲ್ಲಿ ತೀರಿಕೊಂಡರು. ಕಂಪನಿ ಹೋಯಿತು, ಅದರ ವಿಭಾಗಗಳು ಮಾತ್ರ ಚೂರು ಚೂರಾಗಿ ಇನ್ನೂ ಉಸಿರಾಡುತ್ತಿವೆ. ಎಲ್ಲಿ? ನಮ್ಮ ಹಳ್ಳಿಗಳಲ್ಲೇ!

ನಮ್ಮ ಕಡೆ ಕುರುಕ್ಷೇತ್ರ ಆಡುವುದು ಹೇಗೆ ಅಂತ ಎಲ್ಲರಿಗೂ ಗೊತ್ತು. ಕೃಷ್ಣನಿಗೆ ಇಷ್ಟು, ದುರ್ಯೋಧನನಿಗೆ ಇಷ್ಟು ಅಂತ ಪಾತ್ರ ಕಟ್ಟುವವರೇ ದುಡ್ಡು ಹಾಕಬೇಕು. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಬಂದು, ಹಗಲೆಲ್ಲ ಗೇಯ್ದು ಬಂದ ರೈತನ ಬಾಯಲ್ಲಿ ಕಂದ ಪದ್ಯ ಹೇಳಿಸುತ್ತಾರೆ. ಸೀನರಿಯವರು ಪರದೆ, ಪೋಷಾಕು, ದೀಪ ಎಲ್ಲ ಹೇರಿಕೊಂಡು ಬರುತ್ತಾರೆ. ಬೆಳಗಿನ ಜಾವ ನಾಟಕ ಮುಗಿದರೆ ಅವರ ಕೆಲಸ ಮುಗಿಯುವುದಿಲ್ಲ, ಬಿಚ್ಚಿ ಕಟ್ಟುವುದು ಬಾಕಿ.

ಆದರೆ ಕರಪತ್ರ ತೆಗೆದು ನೋಡಿ. ಮುಖಂಡರ ಫೋಟೋ ಸಾಲು ಸಾಲು. ದಾನಿಗಳ ಹೆಸರು ದಪ್ಪಕ್ಷರದಲ್ಲಿ. ಮೇಷ್ಟ್ರ ಹೆಸರು ಎಲ್ಲೋ ಕೊನೆಗೆ. ಪರದೆ ಎಳೆಯುವವನದು, ಬಣ್ಣ ಹಚ್ಚುವವನದು ಹುಡುಕಿದರೂ ಸಿಗುವುದು ಅಪರೂಪ. ಮೇಷ್ಟ್ರ ಮಗ ಹಾರ್ಮೋನಿಯಂ ಮುಟ್ಟದೆ ಕೆಲಸ ಹುಡುಕಿಕೊಂಡು ಬೆಂಗಳೂರು ಬಸ್ಸು ಹತ್ತಿದರೆ ತಪ್ಪು ಯಾರದು? ಹೊಟ್ಟೆಯೂ ತುಂಬದು, ಹೆಸರೂ ಸಿಗದು ಅಂದರೆ ಯಾರು ಕಲಿತಾರು?

ರಾಜ್ಯ ಸರ್ಕಾರ ಗುಬ್ಬಿ ವೀರಣ್ಣನವರ ಹೆಸರಲ್ಲಿ ಪ್ರಶಸ್ತಿ ಕೊಡುತ್ತದೆ, ಸರಿ. ಪ್ರಶಸ್ತಿ ತಲುಪುವುದು ಒಬ್ಬರಿಗೆ. ಊರು ಮಾಡಬಹುದಾದ್ದು ಇನ್ನೂ ಸುಲಭ. ಸೀನರಿಯವರ ಬಾಕಿಯನ್ನು ಪರದೆ ಏಳುವ ಮುಂಚೆಯೇ ಎಣಿಸಿ ಕೊಡುವುದು. ಕರಪತ್ರದಲ್ಲಿ ಒಂದು ಮುಖಂಡರ ಫೋಟೋ ಕಡಿಮೆ ಮಾಡಿ ಹಿಂದೆ ದುಡಿವವರ ಹೆಸರು ಹಾಕುವುದು. ಮೇಷ್ಟ್ರ ಬಳಿ ಊರಿನ ಇಬ್ಬರು ಹುಡುಗರನ್ನು, ಇಬ್ಬರು ಹುಡುಗಿಯರನ್ನು ಕಲಿಯಲು ಕೂರಿಸುವುದು. ಕರಪತ್ರಕ್ಕೆ ಚಂದಾ ಕೊಡುವ ಅಂಗಡಿ ಮಾಲೀಕರು ಒಂದು ಮಾತು ಹೇಳಿದರೆ ಮೊದಲೆರಡು ಈ ವರ್ಷವೇ ಆದೀತು.

ಕೃಷ್ಣನ ಪಾತ್ರಕ್ಕೆ ದುಡ್ಡು ಹಾಕುವವರು ನಮ್ಮಲ್ಲಿ ಬೇಕಾದಷ್ಟು ಇದ್ದಾರೆ. ಶ್ರುತಿ ಹಿಡಿಯುವವರೇ ಇಲ್ಲವಾದರೆ ಆ ಕೃಷ್ಣ ಹಾಡುವುದು ಹೇಗೆ?