ಗಾಡಿ ಕುದುರೆ: ನಂಬಿಕೆ ಏನು, ನಿಜ ಏನು?

ಮೈಸೂರು ಅರಮನೆಯ ಸುತ್ತಮುತ್ತ ಟಾಂಗಾ, ಸಾರೋಟುಗಳು ಇಂದಿಗೂ ಕಾಣಸಿಗುತ್ತವೆ. ಮದುವೆ ಮೆರವಣಿಗೆಗೆ ಸಾರೋಟು ತರಿಸುವವರೂ ಇದ್ದಾರೆ. ಆದರೆ ಗಾಡಿ ಎಳೆಯುವ ಕುದುರೆಯ ಬಗ್ಗೆ ನಾವು ನಂಬಿಕೊಂಡು ಬಂದದ್ದರಲ್ಲಿ ಕೆಲವು ಅದಕ್ಕೂ ಅಪಾಯ, ನಮಗೂ ಅಪಾಯ.

ತಪ್ಪು ಕಲ್ಪನೆ: ಕಣ್ಣುಪಟ್ಟಿ ಕಟ್ಟಿದರೆ ಕುದುರೆ ಬೆದರುವುದಿಲ್ಲ.
ಸತ್ಯ: ಕುದುರೆಯ ಕಣ್ಣುಗಳು ತಲೆಯ ಪಕ್ಕಗಳಲ್ಲಿರುವುದರಿಂದ ಅದಕ್ಕೆ ಸುಮಾರು 350 ಡಿಗ್ರಿಯಷ್ಟು ಸುತ್ತಲೂ ಕಾಣುತ್ತದೆ. ಬಾಲದ ನೇರ ಹಿಂದೆ ಮತ್ತು ಹಣೆಯ ತೀರಾ ಮುಂದೆ ಮಾತ್ರ ಕಾಣದು. ಹಿಂದೆ ಉರುಳುವ ಚಕ್ರವನ್ನು ಕಣ್ಣುಪಟ್ಟಿ ಮರೆಮಾಡುತ್ತದೆ, ನಿಜ. ಕಿವಿಯನ್ನು ಮರೆಮಾಡುವುದಿಲ್ಲ. ಹಾರ್ನ್, ಬ್ಯಾಂಡು, ಪಟಾಕಿಗೆ ಅದು ಬೆಚ್ಚಿಯೇ ಬೆಚ್ಚುತ್ತದೆ. ಸದ್ದಿಗೆ ರೂಢಿ ಮಾಡಿಸುವುದೊಂದೇ ದಾರಿ.

ತಪ್ಪು ಕಲ್ಪನೆ: ಸವಾರಿಗೆ ಪಳಗಿದ ಕುದುರೆಯನ್ನು ನೇರವಾಗಿ ಗಾಡಿಗೆ ಕಟ್ಟಬಹುದು.
ಸತ್ಯ: ಸವಾರ ತನ್ನ ಕಾಲು, ಮೈಭಾರದಿಂದಲೂ ಸೂಚನೆ ಕೊಡುತ್ತಾನೆ. ಗಾಡಿಯವನಿಗೆ ಇರುವುದು ದನಿ, ಲಗಾಮು, ಚಾವಟಿಯ ಮೆಲುಸ್ಪರ್ಶ ಅಷ್ಟೇ. ಹಾಗಾಗಿ ಮೊದಲು ಗಾಡಿ ಎಳೆಯುವ ಪಟ್ಟಿಗಳನ್ನು ಮೈಗೆ ತೊಡಿಸಿ ಓಡಾಡಿಸಬೇಕು. ಆಮೇಲೆ ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತಾ ತಿರುವು, ನಿಲುಗಡೆ ಕಲಿಸಬೇಕು. ನಂತರ ಹಳೇ ಟೈರನ್ನೋ ಮರದ ದಿಮ್ಮಿಯನ್ನೋ ಎಳೆಸಬೇಕು. ಖಾಲಿ ಗಾಡಿಗೆ ಕಟ್ಟುವುದು ಕೊನೆಗೆ, ಅದೂ ತಲೆಯ ಬಳಿ ಇನ್ನೊಬ್ಬರು ನಿಂತಿದ್ದಾಗ. ಒಂದು ಹಂತ ಹಾರಿಸಿದರೆ ಅದರ ಫಲ ರಸ್ತೆಯಲ್ಲಿ ಗೊತ್ತಾಗುತ್ತದೆ.

ತಪ್ಪು ಕಲ್ಪನೆ: ಬಿರುಸು ಕಡಿವಾಣ ಹಾಕಿದರೆ ಎಂಥ ಕುದುರೆಯೂ ನಿಲ್ಲುತ್ತದೆ.
ಸತ್ಯ: ಕಡಿವಾಣ ಕೂರುವುದು ಮುಂಹಲ್ಲು ಮತ್ತು ದವಡೆಹಲ್ಲುಗಳ ನಡುವಿನ ಬರೀ ವಸಡಿನ ಮೇಲೆ. ಅಲ್ಲಿ ನೋವಾದಷ್ಟೂ ಹೆದರಿದ ಕುದುರೆ ನೋವಿನಿಂದ ಪಾರಾಗಲು ಇನ್ನಷ್ಟು ಓಡುತ್ತದೆ. ಮುಳ್ಳು ಕಡಿವಾಣವನ್ನಂತೂ ಕೇಂದ್ರ ಸರ್ಕಾರದ 1965ರ ನಿಯಮಗಳೇ ನಿಷೇಧಿಸಿವೆ.

ತಪ್ಪು ಕಲ್ಪನೆ: ಕುದುರೆ ನಿಂತೇ ನಿದ್ದೆ ಮಾಡುತ್ತದೆ, ದಿನವಿಡೀ ದುಡಿಸಬಹುದು.
ಸತ್ಯ: ನಿಂತು ತೂಕಡಿಸಬಲ್ಲದು. ಗಾಢ ನಿದ್ದೆಗೆ ಮಲಗಲೇಬೇಕು. ಅದೇ 1965ರ ನಿಯಮಗಳ ಪ್ರಕಾರ ದಿನಕ್ಕೆ 9 ಗಂಟೆ, ಬಿಡುವಿಲ್ಲದೆ 5 ಗಂಟೆ ಮೀರಿ ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟುವಂತಿಲ್ಲ.

ತಪ್ಪು ಕಲ್ಪನೆ: ಗಾಡಿ ನಿಂತರೆ ಅಪಾಯ ಮುಗಿಯಿತು.
ಸತ್ಯ: ಎಚ್ಚರ ತಪ್ಪುವುದೇ ಆಗ. ಗಾಡಿ ಬಿಚ್ಚುವ ಮೊದಲೇ ಕಡಿವಾಣ, ಕಣ್ಣುಪಟ್ಟಿ ಕಳಚಿದರೆ ಬೆನ್ನ ಹಿಂದಿನ ಗಾಡಿ ಕುದುರೆಗೆ ಒಮ್ಮೆಲೇ ಕಾಣುತ್ತದೆ. ಬೆದರಿ ಓಡಿದರೆ ಹಿಡಿಯಲು ಕೈಯಲ್ಲಿ ಏನೂ ಇರುವುದಿಲ್ಲ, ಗಾಡಿ ಮಾತ್ರ ಜೊತೆಗೇ ಓಡುತ್ತದೆ. ಕಟ್ಟುವಾಗ ಕಡಿವಾಣ ಮೊದಲು, ಗಾಡಿ ಕೊನೆಗೆ. ಬಿಚ್ಚುವಾಗ ಗಾಡಿ ಮೊದಲು, ಕಡಿವಾಣ ಕೊನೆಗೆ. ಗಾಡಿಗೆ ಕಟ್ಟಿದ ಕುದುರೆಯನ್ನು ಲಗಾಮಿನಿಂದ ಕಂಬಕ್ಕೆ ಬಿಗಿಯುವುದೂ ಸಲ್ಲದು.

ಸಾರೋಟು ಗೊತ್ತುಮಾಡುವವರು ಬಾಡಿಗೆಯ ಜೊತೆಗೆ ಇನ್ನೆರಡು ಸಂಗತಿ ಗಮನಿಸಿ: ಪಟ್ಟಿ ಉಜ್ಜಿದ ಕಡೆ ಗಾಯವಿದೆಯೇ, ಕುದುರೆ ಕುಂಟುತ್ತಿದೆಯೇ ಎಂದು ನೋಡಿ, ಇದ್ದರೆ ಹತ್ತಬೇಡಿ. ಮೆರವಣಿಗೆಯಲ್ಲಿ ಕುದುರೆಯ ಹತ್ತಿರ ಪಟಾಕಿ ಹಚ್ಚಲು ಯಾರನ್ನೂ ಬಿಡಬೇಡಿ.