ಹುಬ್ಬಳ್ಳಿ ವಿಮಾನಕ್ಕೆ ಮೂರು ಉದ್ಘಾಟನೆ

ಬೆಂಗಳೂರಿನಿಂದ ಹಾರಲು ಹೊರಟ ಹೊಸ ಕಂಪನಿಗಳಿಗೆ ಮೊದಲು ನೆನಪಾಗುವ ಊರು ಹುಬ್ಬಳ್ಳಿ ಎಂದು ಕಾಣುತ್ತದೆ. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾದದ್ದು ಈ ಮಾರ್ಗದಲ್ಲಿ. 2015ರ ಏಪ್ರಿಲ್‌ನಲ್ಲಿ ಏರ್ ಪೆಗಾಸಸ್, 2019ರ ಜನವರಿಯಲ್ಲಿ ಸ್ಟಾರ್ ಏರ್ ಮೊದಲು ಹಾರಿದ್ದೂ ಇಲ್ಲಿಗೇ. ಉದ್ಘಾಟನೆಯ ಫೋಟೊ ಮುಖಪುಟಕ್ಕೆ ಬರುತ್ತದೆ, ಬಾಗಿಲು ಹಾಕಿದ ಸುದ್ದಿ ಒಳಪುಟದ ಮೂಲೆಗೆ. ಕಾಕ್‌ಪಿಟ್‌ನಲ್ಲಿದ್ದವರ ಗತಿ ಏನಾಯಿತು ಎಂಬುದಕ್ಕೆ ಆ ಮೂಲೆಯೂ ಸಿಗುವುದಿಲ್ಲ.

ಡೆಕ್ಕನ್ ಕಿಂಗ್‌ಫಿಷರ್ ಪಾಲಾಯಿತು. ಕಿಂಗ್‌ಫಿಷರ್ ತಿಂಗಳುಗಟ್ಟಲೆ ಸಂಬಳ ಬಾಕಿ ಉಳಿಸಿಕೊಂಡು 2012ರ ಅಕ್ಟೋಬರ್‌ನಲ್ಲಿ ನಿಂತಿತು. ಪೆಗಾಸಸ್ ಒಂದೂವರೆ ವರ್ಷವೂ ಹಾರಲಿಲ್ಲ. ಆದರೂ ಪೆಗಾಸಸ್‌ನ ಪೈಲಟ್‌ಗಳಿಗೆ ಒಂದು ದಾರಿಯಿತ್ತು, ಅವರು ಓಡಿಸುತ್ತಿದ್ದದ್ದು ಎಟಿಆರ್ ವಿಮಾನ. ದೇಶದಲ್ಲಿ ಬೇರೆ ಕಂಪನಿಗಳ ಬಳಿಯೂ ಎಟಿಆರ್ ಇತ್ತು, 2017ರ ಕೊನೆಗೆ ಇಂಡಿಗೊ ಕೂಡ ತಂದಿತು.

ನಿಜವಾಗಿ ಸಿಕ್ಕಿಬಿದ್ದವರು ಎಂಬ್ರೇಯರ್ ಜೆಟ್‌ನವರು. ಪೈಲಟ್ ಲೈಸೆನ್ಸ್ ಲಾರಿ ಲೈಸೆನ್ಸಿನಂತಲ್ಲ, ಯಾವ ಮಾದರಿಯ ವಿಮಾನಕ್ಕೆ ಟೈಪ್ ರೇಟಿಂಗ್ ಇದೆಯೋ ಅದನ್ನು ಮಾತ್ರ ಹಾರಿಸಬಹುದು. ತಮಿಳುನಾಡಿನ ಪ್ಯಾರಾಮೌಂಟ್ ಏರ್‌ವೇಸ್ 2005ರಲ್ಲಿ ಎಂಬ್ರೇಯರ್ ಇ-170 ತಂದು 2010ರಲ್ಲಿ ಮುಳುಗಿತು. ವಿಜಯವಾಡದ ಏರ್ ಕೋಸ್ಟಾ 2013ರಲ್ಲಿ ಮತ್ತೆ ಅದೇ ಜಾತಿಯ ಜೆಟ್ ತಂದು, 2017ರ ಫೆಬ್ರವರಿ ಕೊನೆಗೆ ನಿಲ್ಲಿಸಿತು. ಆಮೇಲೆ ಆ ರೇಟಿಂಗ್‌ಗೆ ಭಾರತದಲ್ಲಿ ಕೆಲಸ ಕೊಡಬಲ್ಲ ಏರ್‌ಲೈನ್ ಒಂದೂ ಉಳಿಯಲಿಲ್ಲ. ಸ್ಟಾರ್ ಏರ್ ಇ-175 ತರುವ ಹೊತ್ತಿಗೆ 2023 ಬಂದಿತ್ತು.

ಅಷ್ಟು ವರ್ಷ ಕಾಯುವುದು ಎಂದರೇನು? ತೊಂಬತ್ತು ದಿನದೊಳಗೆ ಮೂರು ಟೇಕಾಫ್, ಮೂರು ಲ್ಯಾಂಡಿಂಗ್ ಆಗದಿದ್ದರೆ ಪ್ರಯಾಣಿಕರನ್ನು ಕೂರಿಸಿಕೊಂಡು ಹಾರುವಂತಿಲ್ಲ. ಸಿಮ್ಯುಲೇಟರ್ ಪರೀಕ್ಷೆ, ಮೆಡಿಕಲ್ ಮತ್ತೆಮತ್ತೆ ಮಾಡಿಸಬೇಕು, ಕಂಪನಿ ಇಲ್ಲವಾದರೆ ಸ್ವಂತ ಕಿಸೆಯಿಂದ. ಏರ್‌ಬಸ್ ರೇಟಿಂಗ್ ಮಾಡಿಕೊಳ್ಳಲು ಮತ್ತೊಂದು ಸಾಲ. ಹೊಸ ಕಡೆ ಸೇರಿದರೂ ಸೀನಿಯಾರಿಟಿ ಪಟ್ಟಿಯ ಬುಡದಿಂದಲೇ ಶುರು. ಕಮಾಂಡರ್ ಆಗಿದ್ದವರು ಎಷ್ಟೋ ಸಲ ಕೋ-ಪೈಲಟ್ ಕೂರುವ ಬಲಗಡೆಯ ಸೀಟಿಗೆ ಹೋಗಬೇಕಾಗುತ್ತದೆ, ಹೆಗಲ ಮೇಲಿನ ನಾಲ್ಕು ಪಟ್ಟಿ ಮೂರಾಗುತ್ತದೆ. ಕೋ-ಪೈಲಟ್‌ಗಳ ಪಾಡು ಇನ್ನೂ ಕಷ್ಟ. ಲಾಗ್‌ಬುಕ್ಕಿನಲ್ಲಿ ಗಂಟೆ ಸಾಲದವರನ್ನು ಪರದೇಶದ ಕಂಪನಿಗಳೂ ಸುಲಭಕ್ಕೆ ಕರೆಯುವುದಿಲ್ಲ.

ನನಗೆ ಸಿಟ್ಟು ಬರುವುದು ಇನ್ನೊಂದು ವಿಚಾರಕ್ಕೆ. ಏರ್ ಕೋಸ್ಟಾ ನಿಂತ ಅದೇ 2017ರಲ್ಲಿ ವಿಮಾನಯಾನ ನಿಯಂತ್ರಣ ಸಂಸ್ಥೆ ಡಿಜಿಸಿಎ ಒಂದು ನಿಯಮ ಮಾಡಿತು: ಕೆಲಸ ಬಿಡುವ ಕಮಾಂಡರ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು, ಕೋ-ಪೈಲಟ್ ಆರು ತಿಂಗಳು. ಇದ್ದಕ್ಕಿದ್ದಂತೆ ಪೈಲಟ್ ಹೋದರೆ ಪ್ರಯಾಣಿಕರಿಗೆ ತೊಂದರೆ ಎಂಬುದು ಕಾರಣ. ಒಪ್ಪೋಣ. ಆದರೆ ವಿಮಾನ ಬಾಡಿಗೆಗೆ ಕೊಟ್ಟವರು ವಾಪಸ್ ಕೇಳಿದ ದಿನವೇ ಕಂಪನಿ ಬೀಗ ಹಾಕಬಹುದು! ಹೊಸ ಏರ್‌ಲೈನ್‌ಗೆ ಪರವಾನಗಿ ಕೊಡುವಾಗಲೇ ಸಿಬ್ಬಂದಿಯ ಆರು ತಿಂಗಳ ಸಂಬಳ ಮತ್ತು ಒಂದು ಸುತ್ತಿನ ಸಿಮ್ಯುಲೇಟರ್ ಖರ್ಚನ್ನು ಡಿಜಿಸಿಎ ಠೇವಣಿ ಇಡಿಸಿಕೊಳ್ಳಲಿ.